ಹೆಬ್ಬೆರಳಿಗೂ ಒಂದು ಬೀಗ ಕೊಡಿ

ಭಾರತೀಯ ರಿಸರ್ವ್ ಬ್ಯಾಂಕಿನ ಗವರ್ನರ್ ಅವರಿಗೆ,



2017ರ ಜುಲೈ 6ರಂದು ತಮ್ಮ ಸಂಸ್ಥೆ ಎಲ್ಲ ವಾಣಿಜ್ಯ ಬ್ಯಾಂಕುಗಳಿಗೂ ಗ್ರಾಮೀಣ ಬ್ಯಾಂಕುಗಳಿಗೂ ಒಂದು ಸುತ್ತೋಲೆ ಕಳುಹಿಸಿತು. ಖಾತೆದಾರರಿಗೆ ಗೊತ್ತಿಲ್ಲದೆ ಅವರ ಖಾತೆಯಿಂದ ಹಣ ಹೋದರೆ ಆ ನಷ್ಟವನ್ನು ಯಾರು ಹೊರಬೇಕು ಎಂಬುದನ್ನು ಅದು ತೀರ್ಮಾನಿಸುತ್ತದೆ. ನಾನು ತಾಲ್ಲೂಕು ಕೇಂದ್ರವೊಂದರಲ್ಲಿ ನೆಲೆಸಿರುವ ನಿವೃತ್ತ ಶಿಕ್ಷಕಿ. ಚಲನ್ ಬರೆಸಿಕೊಳ್ಳುವುದಕ್ಕೆ, ಮೊಬೈಲಿಗೆ ಬಂದ ಮೆಸೇಜು ಓದಿಸಿಕೊಳ್ಳುವುದಕ್ಕೆ ನಮ್ಮ ಬೀದಿಯ ಹೆಂಗಸರು ನನ್ನ ಹತ್ತಿರ ಬರುತ್ತಾರೆ. ಆ ಸುತ್ತೋಲೆಯನ್ನು ಹುಡುಕಿ ಓದುವ ಸಂದರ್ಭ ಒದಗಿದ್ದು ಅವರಿಂದಲೇ. ಸಾಮಾನ್ಯ ಖಾತೆದಾರರ ಪರವಾಗಿ ಇಷ್ಟು ನೇರವಾಗಿ ನಿಂತ ಇನ್ನೊಂದು ಬ್ಯಾಂಕ್ ನಿಯಮವನ್ನು ನಾನು ಓದಿಲ್ಲ. ಆದರೆ ಅದು ನಮ್ಮೂರಿನ ಕೌಂಟರನ್ನು ಇನ್ನೂ ತಲುಪಿಲ್ಲ. ಅದಕ್ಕಾಗಿಯೇ ಈ ಪತ್ರ.

ನಡೆದದ್ದು ಇಷ್ಟು. ನಮ್ಮ ಬೀದಿಯ ಹೆಣ್ಣುಮಗಳೊಬ್ಬರು ಗೃಹಲಕ್ಷ್ಮಿ ಯೋಜನೆಯ ಎರಡೆರಡು ಸಾವಿರವನ್ನು ಮುಟ್ಟದೆ ಮಗಳ ಬಾಣಂತನಕ್ಕೆಂದು ಕೂಡಿಟ್ಟಿದ್ದರು. ಪಾಸ್‌ಬುಕ್ ಎಂಟ್ರಿ ಮಾಡಿಸಲು ಹೋದಾಗ ಒಂದೇ ಸಲಕ್ಕೆ ಹತ್ತು ಸಾವಿರ ರೂಪಾಯಿ ಹೋಗಿರುವುದು ಕಂಡಿತು. ಬ್ಯಾಂಕ್ ಏಜೆಂಟರ ಯಂತ್ರದಲ್ಲಿ ಆಧಾರ್ ನಂಬರ್ ಕೊಟ್ಟು ಬೆರಳು ಒತ್ತಿ ಹಣ ತೆಗೆಯುವ ಎಇಪಿಎಸ್ ಮೂಲಕ, ಎಲ್ಲೋ ಯಾರೋ ತೆಗೆದಿದ್ದರು. ಕೌಂಟರಿನಲ್ಲಿ ಸಿಕ್ಕ ಉತ್ತರ: "ನಿಮ್ಮ ಹೆಬ್ಬೆಟ್ಟೇ ಮ್ಯಾಚ್ ಆಗಿದೆಯಲ್ಲಮ್ಮ, ನೀವೇ ತೆಗೆದಿರ್ತೀರಿ. ಇಲ್ಲಾ ಅಂದ್ರೆ ಮನೇಲಿ ಗಂಡುಮಕ್ಕಳನ್ನ ಕೇಳಿ ನೋಡಿ." ದೂರು ಬರೆದುಕೊಂಡು ಹೋದರೆ, "ಮೊದ್ಲು ಸ್ಟೇಷನ್ನಿಗೆ ಹೋಗಿ ಎಫ್‌ಐಆರ್ ಮಾಡಿಸ್ಕೊಂಡು ಬನ್ನಿ" ಎಂದರು. ಕೊಟ್ಟ ಅರ್ಜಿಗೆ ಸೀಲು ಹಾಕಿಕೊಡಲಿಲ್ಲ. ಹಣ ಹೋದ ಸಂಕಟ ಒಂದು ಕಡೆ. "ಮನೇಲಿ ಕೇಳಿ ನೋಡಿ" ಎಂಬ ಆ ಒಂದು ಮಾತಿನಿಂದ ಆ ಮನೆಯಲ್ಲಿ ತಾಯಿ ಮಗ ಮಾತು ಬಿಟ್ಟರು. ಈ ನಷ್ಟವನ್ನು ಯಾವ ವಹಿಯಲ್ಲೂ ಯಾರೂ ಬರೆಯುವುದಿಲ್ಲ.

ಈಗ ತಮ್ಮ ಸುತ್ತೋಲೆ ಹೇಳುವುದನ್ನು ನೋಡೋಣ. ಖಾತೆದಾರರದ್ದೇ ತಪ್ಪು ಎಂದು ಸಾಬೀತು ಮಾಡುವ ಹೊಣೆ ಬ್ಯಾಂಕಿನದು. ತಪ್ಪು ಬ್ಯಾಂಕಿನ ಕಡೆಯದಾದರೆ ಖಾತೆದಾರರಿಗೆ ಒಂದು ಪೈಸೆಯ ನಷ್ಟವೂ ಇಲ್ಲ. ತಪ್ಪು ಇಬ್ಬರದ್ದೂ ಅಲ್ಲದೆ ಹೊರಗಿನವರು ವಂಚಿಸಿದ್ದರೂ, ಬ್ಯಾಂಕಿನಿಂದ ಮಾಹಿತಿ ತಲುಪಿದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟರೆ ಖಾತೆದಾರರ ನಷ್ಟ ಶೂನ್ಯ. ನಾಲ್ಕರಿಂದ ಏಳು ದಿನವಾದರೆ ಅವರ ಪಾಲಿಗೆ ಒಂದು ಮಿತಿಯಿದೆ: ಮೂಲಭೂತ ಉಳಿತಾಯ ಖಾತೆಗೆ ಹೆಚ್ಚೆಂದರೆ ₹5,000, ಇತರ ಉಳಿತಾಯ ಖಾತೆಗಳಿಗೆ ₹10,000. ದೂರು ಬಂದ 10 ಕೆಲಸದ ದಿನಗಳಲ್ಲಿ ಬ್ಯಾಂಕು ಹೋದ ಮೊತ್ತವನ್ನು ಖಾತೆಗೆ ತಾತ್ಕಾಲಿಕವಾಗಿ ಜಮಾ ಮಾಡಬೇಕು. 90 ದಿನಗಳಲ್ಲಿ ಪ್ರಕರಣ ಇತ್ಯರ್ಥವಾಗಬೇಕು. ದೂರಿಗೆ ನಂಬರು ಕೊಡಬೇಕು. ಎಫ್‌ಐಆರ್ ತಂದರೆ ಮಾತ್ರ ದೂರು ತೆಗೆದುಕೊಳ್ಳಿ ಎಂದು ಅದರಲ್ಲಿ ಎಲ್ಲಿಯೂ ಇಲ್ಲ.

ಸಾಬೀತು ಮಾಡುವ ಹೊಣೆಯನ್ನು ಬ್ಯಾಂಕಿನ ಮೇಲೆ ಹೊರಿಸಿದ್ದು ಕರುಣೆಯಿಂದಲ್ಲ, ನ್ಯಾಯದಿಂದ. ಯಾವ ಊರಿನಲ್ಲಿ, ಯಾವ ಏಜೆಂಟರ ಯಂತ್ರದಲ್ಲಿ, ಎಷ್ಟು ಗಂಟೆಗೆ ಬೆರಳು ಒತ್ತಲಾಯಿತು ಎಂಬ ದಾಖಲೆಯೆಲ್ಲ ಬ್ಯಾಂಕುಗಳ ವ್ಯವಸ್ಥೆಯಲ್ಲಿ ಇರುತ್ತದೆ. ಆ ಹೆಣ್ಣುಮಗಳ ಕೈಯಲ್ಲಿ ಇರುವುದು ಪಾಸ್‌ಬುಕ್ಕಿನ ಒಂದು ಸಾಲು ಮಾತ್ರ. ತಾನು ಅಲ್ಲಿಗೆ ಹೋಗಿಲ್ಲ ಎಂದು ಅವರು ಏನು ತೋರಿಸಿ ಸಾಬೀತು ಮಾಡಬೇಕು?

"ಬೆರಳು ಮ್ಯಾಚ್ ಆಗಿದೆ" ಎಂಬ ಮಾತನ್ನು ಕೊನೆಯ ಪುರಾವೆಯೆಂದು ಒಪ್ಪುವ ಕಾಲ ನಮ್ಮ ರಾಜ್ಯದ ಮಟ್ಟಿಗಂತೂ ಮುಗಿದಿದೆ. 2023ರಲ್ಲಿ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಲ್ಲಿದ್ದ ಕ್ರಯಪತ್ರಗಳಿಂದ ಬೆರಳಚ್ಚು ಎತ್ತಿ, ನಕಲಿ ಅಚ್ಚು ಮಾಡಿ, ಜನರ ಖಾತೆಯಿಂದ ಹಣ ತೆಗೆದ ದೂರುಗಳು ಬೆಂಗಳೂರಿನಲ್ಲೇ ಬಂದವು. ಸೈಟು ಕೊಂಡವರು, ಜಮೀನು ಮಾರಿದವರು, ಸಾಕ್ಷಿ ಹಾಕಿದವರು ಸರ್ಕಾರದ ಎದುರಿಗೆ ಒತ್ತಿದ ಬೆರಳು ಅದು. ಅವರು ಒಟಿಪಿ ಯಾರಿಗೂ ಹೇಳಿರಲಿಲ್ಲ, ಯಾವ ಲಿಂಕನ್ನೂ ಒತ್ತಿರಲಿಲ್ಲ. ಎಚ್ಚರಿಕೆಯಿಂದಿರಿ ಎಂದು ನಾವು ಜನರಿಗೆ ಹೇಳುವ ಯಾವ ಬುದ್ಧಿಮಾತೂ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಪಾಸ್‌ವರ್ಡ್ ಬದಲಾಯಿಸಬಹುದು, ಕಾರ್ಡ್ ರದ್ದು ಮಾಡಿ ಹೊಸದು ತರಿಸಬಹುದು. ಬೆರಳನ್ನು ಏನು ಮಾಡುವುದು?

ನ್ಯಾಯಾಲಯವೂ ತಮ್ಮ ನಿಯಮದ ಪರವಾಗಿಯೇ ನಿಂತಿದೆ. ವಂಚನೆಯಾದ 24 ಗಂಟೆಗಳೊಳಗೆ ಬ್ಯಾಂಕಿಗೆ ತಿಳಿಸಿದ್ದ ಅಸ್ಸಾಮಿನ ಗ್ರಾಹಕರೊಬ್ಬರಿಗೆ ₹94,000ಕ್ಕೂ ಮೀರಿದ ಮೊತ್ತವನ್ನು ಬ್ಯಾಂಕು ಹಿಂದಿರುಗಿಸಬೇಕೆಂದು ಗುವಾಹಟಿ ಹೈಕೋರ್ಟ್ ಹೇಳಿತ್ತು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಆದರೆ ಹತ್ತು ಸಾವಿರ ಕಳೆದುಕೊಂಡವರು ಯಾರೂ ಸುಪ್ರೀಂ ಕೋರ್ಟಿನವರೆಗೆ ಹೋಗುವುದಿಲ್ಲ. ಅವರಿಗೆ ಸಿಗುವ ನ್ಯಾಯ ಕೌಂಟರಿನಲ್ಲೇ ಸಿಗಬೇಕು.

ಮೂರು ದಿನದ ಲೆಕ್ಕದ ಬಗ್ಗೆಯೂ ಹೇಳಬೇಕು. ಬ್ಯಾಂಕಿನಿಂದ ಮಾಹಿತಿ ತಲುಪಿದ ದಿನವನ್ನು ಬಿಟ್ಟು ಎಣಿಸಬೇಕು ಎಂದು ಸುತ್ತೋಲೆ ಹೇಳುತ್ತದೆ. ಹಳ್ಳಿಯ ಹೆಂಗಸರ ಖಾತೆಗಳಿಗೆ ಜೋಡಿಸಿರುವ ನಂಬರು ಎಷ್ಟೋ ಸಲ ಗಂಡನದ್ದು, ಇಲ್ಲವೆ ಊರು ಬಿಟ್ಟು ದುಡಿಯಲು ಹೋದ ಮಗನದ್ದು. ಮೆಸೇಜು ಬರುವುದು ಇಂಗ್ಲಿಷಿನಲ್ಲಿ. ಓದಲಾಗದ ಭಾಷೆಯಲ್ಲಿ, ಕೈಯಲ್ಲಿಲ್ಲದ ಫೋನಿಗೆ ಬಂದ ಸಂದೇಶವನ್ನು 'ತಲುಪಿದೆ' ಎಂದು ಎಣಿಸುವುದು ಯಾವ ನ್ಯಾಯ? ಪಾಸ್‌ಬುಕ್ಕಿನಲ್ಲಿ ಕಂಡ ದಿನವೇ ತಿಳಿದ ದಿನ ಎಂದು ಇಂಥ ಖಾತೆಗಳಿಗೆ ತಾವು ಸ್ಪಷ್ಟಪಡಿಸಬೇಕು. ಇನ್ನು ದೂರಿಗೆ ಸ್ವೀಕೃತಿ ಕೊಡದೇ ಇರುವುದು ಸಣ್ಣ ಅಸಡ್ಡೆಯಲ್ಲ. ಲಿಖಿತ ದೂರು ಕೊಟ್ಟ ದಾಖಲೆ ಇಲ್ಲದಿದ್ದರೆ 10 ದಿನದ ಲೆಕ್ಕ ಶುರುವಾಗುವುದಿಲ್ಲ, 90 ದಿನದ ಲೆಕ್ಕವೂ ಇಲ್ಲ, 30 ದಿನ ಕಾದು ತಮ್ಮ ಸಂಸ್ಥೆಯ ಒಂಬುಡ್ಸ್‌ಮನ್ ಬಳಿ ಹೋಗುವ ದಾರಿಯೂ ಮುಚ್ಚಿಹೋಗುತ್ತದೆ. ತಾವು ಕಟ್ಟಿದ ರಕ್ಷಣೆಯೆಲ್ಲ ಒಂದು ಸೀಲಿನ ಮೇಲೆ ನಿಂತಿದೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ಎನ್ನುತ್ತಾರೆ; ಖಾತೆಯಿಂದ ಖಾತೆಗೆ ಹೋದ ಹಣವನ್ನು ತಡೆಹಿಡಿಯಲು ಅದು ನಿಜಕ್ಕೂ ನೆರವಾಗುತ್ತದೆ, ಬೇಗ ಕರೆ ಮಾಡಬೇಕು ಅಷ್ಟೆ. ಯಾರದೋ ಕೈಗೆ ನಗದಾಗಿ ಹೋದದ್ದಕ್ಕೆ ಅದರ ಬಲ ಕಡಿಮೆ.

ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿಸಿ ಎಂಬ ಸಲಹೆ ಎಲ್ಲರೂ ಕೊಡುತ್ತಾರೆ. ನಾನೂ ಕೊಡುತ್ತಿದ್ದೆ. ಆದರೆ ಲಾಕ್ ಮಾಡಿದ ಬೆರಳನ್ನು ನ್ಯಾಯಬೆಲೆ ಅಂಗಡಿಯ ಯಂತ್ರವೂ ಒಪ್ಪುವುದಿಲ್ಲ. ತಿಂಗಳ ಅಕ್ಕಿಗೆ ಬೀಗ ತೆಗೆಯಬೇಕು, ಬಂದ ಮೇಲೆ ಮತ್ತೆ ಹಾಕಬೇಕು, ಪ್ರತಿ ಸಲವೂ ಊರಲ್ಲಿಲ್ಲದ ಮಗನ ಫೋನಿಗೆ ಬರುವ ಒಟಿಪಿ ಬೇಕು. ಉಳ್ಳವರಿಗೆ ಸುಲಭವಾದ ಈ ಬೀಗವನ್ನು ಬಡವರು ಹಾಕಿಕೊಂಡರೆ ಅನ್ನಕ್ಕೇ ತೊಂದರೆ.

ಆದ್ದರಿಂದ ನನ್ನ ಮುಖ್ಯ ಬೇಡಿಕೆ ಇದು. 2020ರಲ್ಲಿ ತಾವು ಕಾರ್ಡುಗಳ ವಿಷಯದಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದಿರಿ: ಆನ್‌ಲೈನ್ ಬಳಕೆ, ವಿದೇಶದ ಬಳಕೆ ಬೇಕೋ ಬೇಡವೋ ಎಂಬುದನ್ನು ಗ್ರಾಹಕರೇ ನಿರ್ಧರಿಸುವಂತೆ, ಮಿತಿಯನ್ನೂ ಅವರೇ ಗೊತ್ತುಮಾಡುವಂತೆ ಆದೇಶಿಸಿದಿರಿ. ಅದೇ ಹಕ್ಕನ್ನು ಹೆಬ್ಬೆರಳಿಗೂ ಕೊಡಿ. ಯಾವುದೇ ಶಾಖೆಯಲ್ಲಿ ಒಂದು ಕನ್ನಡದ ಅರ್ಜಿಗೆ ಸಹಿ ಹಾಕಿದರೆ, ಆಧಾರ್ ಮುಟ್ಟದಂತೆ, ಪಡಿತರ ತಪ್ಪದಂತೆ, ಆ ಖಾತೆಯಲ್ಲಿ ಮಾತ್ರ ಬೆರಳೊತ್ತಿ ಹಣ ತೆಗೆಯುವುದು ನಿಲ್ಲಬೇಕು. ಇಲ್ಲವೆ ದಿನಕ್ಕೆ ಒಂದು ಸಾವಿರ ಸಾಕು ಎಂದರೆ ಅಷ್ಟಕ್ಕೇ ನಿಲ್ಲಬೇಕು. ಬೇಕಾದಾಗ ಮತ್ತೆ ಶುರುಮಾಡಿಸಿಕೊಳ್ಳಲಿ. ಬ್ಯಾಂಕಿಲ್ಲದ ಊರುಗಳಲ್ಲಿ ಪಿಂಚಣಿ, ಕೂಲಿ ಹಣ ಮನೆ ಬಾಗಿಲಿಗೆ ತಲುಪುವುದು ಈ ವ್ಯವಸ್ಥೆಯಿಂದಲೇ ಎಂಬುದು ನನಗೆ ಗೊತ್ತು. ಅದನ್ನು ಮುಚ್ಚಿ ಎಂದು ನಾನು ಕೇಳುತ್ತಿಲ್ಲ.

ಏಜೆಂಟರ ಪೂರ್ವಾಪರವನ್ನು ಬ್ಯಾಂಕುಗಳು ಸರಿಯಾಗಿ ಪರಿಶೀಲಿಸಬೇಕು, ಮೂರು ತಿಂಗಳು ಸುಮ್ಮನಿದ್ದವರನ್ನು ಮತ್ತೆ ಪರಿಶೀಲಿಸದೆ ಕೆಲಸಕ್ಕೆ ಬಿಡಬಾರದು ಎಂದು 2025ರ ಜೂನ್ 27ರಂದು ತಾವು ಹೊರಡಿಸಿದ ನಿರ್ದೇಶನ 2026ರ ಜನವರಿ 1ರಿಂದ ಜಾರಿಗೆ ಬರುವಂಥದ್ದು. ಅದನ್ನು ಮನಸಾರೆ ಸ್ವಾಗತಿಸುತ್ತೇನೆ. ಅದು ಕಳ್ಳನ ದಾರಿಯನ್ನು ಕಟ್ಟುತ್ತದೆ. ಆದರೆ ಕಳೆದುಕೊಂಡವರು ಕೌಂಟರಿಗೆ ಬಂದಾಗ ಏನಾಗಬೇಕು ಎಂಬುದಕ್ಕೆ 2017ರ ಸುತ್ತೋಲೆಯ ಸಾರವನ್ನು ಪ್ರತಿ ಶಾಖೆಯ ಗೋಡೆಯ ಮೇಲೆ ದಪ್ಪ ಅಕ್ಷರದ ಕನ್ನಡದಲ್ಲಿ ಹಾಕಿಸಿ, ದೂರು ನಿರಾಕರಿಸಿದ ಶಾಖೆಗೆ ದಂಡ ವಿಧಿಸಿ.

ಕೊನೆಗೆ ಒಂದು ಚಿಕ್ಕ ಕೋರಿಕೆ. ಹೀಗೆ ತೆಗೆದ ಹಣದ ಮುಂದೆ ಪಾಸ್‌ಬುಕ್ಕಿನಲ್ಲಿ ಬರೀ ಅಕ್ಷರ-ಅಂಕಿಗಳ ಒಂದು ಸಾಲು ಅಚ್ಚಾಗಿರುತ್ತದೆ. ಅದರ ಜಾಗದಲ್ಲಿ ಹಣ ತೆಗೆದ ಊರು, ಜಿಲ್ಲೆ, ಏಜೆಂಟರ ಹೆಸರು ಅಚ್ಚಾಗಲಿ. ಆಗ ಬೇರೆ ರಾಜ್ಯದ ಊರೊಂದರ ಹೆಸರು ಕಂಡ ತಾಯಿ ತನ್ನ ಮಗನನ್ನು ಅನುಮಾನಿಸುವುದಿಲ್ಲ.

ಗೌರವಪೂರ್ವಕವಾಗಿ,
ಒಬ್ಬ ನಿವೃತ್ತ ಶಿಕ್ಷಕಿ