ಹಿಂದಿರುಗಿದ ಬಾಣ

ಕ್ರಾಂತಿಯೆಂಬ ಮಾತು ನಮ್ಮಲ್ಲಿ ಬಹಳ ಸವೆದುಹೋಗಿದೆ. ಸೋಪಿನ ಜಾಹೀರಾತಿನಿಂದ ಹಿಡಿದು ಚುನಾವಣೆಯ ಭಾಷಣದವರೆಗೆ ಅದಕ್ಕೆ ಪ್ರವೇಶವಿಲ್ಲದ ಎಡೆಯೇ ಇಲ್ಲ. ಆ ಶಬ್ದದ ಮೂಲದಲ್ಲಿರುವುದು ‘ಕ್ರಮ್’ ಎಂಬ ಧಾತು. ಅಡಿಯಿಡುವುದು, ದಾಟುವುದು ಎಂದು ಅದರ ಅರ್ಥ. ರಾಜಕೀಯದ ಕ್ರಾಂತಿಯ ಹೆಸರು ಕಿವಿಗೆ ಬೀಳುವುದಕ್ಕೆ ಬಹು ಮುಂಚೆಯೇ ನಮ್ಮ ಜನ ಎಳ್ಳುಬೆಲ್ಲ ಹಂಚಿ ಸಂಕ್ರಾಂತಿಯನ್ನು ಆಚರಿಸಿಕೊಂಡು ಬಂದವರು. ಸೂರ್ಯ ಒಂದು ರಾಶಿಯಿಂದ ಇನ್ನೊಂದಕ್ಕೆ ದಾಟುವಾಗ ಸದ್ದಾಗುವುದಿಲ್ಲ. ಮನುಷ್ಯನ ಒಳಗೆ ಅಂಥ ದಾಟುವಿಕೆ ನಡೆದಾಗಲೂ ಅಷ್ಟೇ. ಅದು ಅಧ್ಯಾತ್ಮಕ್ಕೆ ಸೇರಿದ್ದೋ, ಸಾಹಿತ್ಯಕ್ಕೆ ಸೇರಿದ್ದೋ, ಸಮಾಜಕ್ಕೆ ಸೇರಿದ್ದೋ ಎಂದು ಬೇಲಿ ಹಾಕಿ ವಿಂಗಡಿಸುವುದು ವ್ಯರ್ಥವೆಂದು ನನ್ನ ಮತ. ಈ ಮೂರೂ ಒಂದೇ ಬಿಂದುವಿನಲ್ಲಿ ಕೂಡಿದ ನಿದರ್ಶನವೊಂದು ಕನ್ನಡದಲ್ಲಿದೆ. ಅದು 1944ರಲ್ಲಿ ಪ್ರಕಟವಾದ ಕುವೆಂಪು ಅವರ ‘ಶೂದ್ರ ತಪಸ್ವಿ’ ಎಂಬ ಚಿಕ್ಕ ನಾಟಕ.

ಕಥೆ ಹಳೆಯದು. ವಾಲ್ಮೀಕಿ ರಾಮಾಯಣದ ಉತ್ತರಕಾಂಡದಲ್ಲಿ ಬ್ರಾಹ್ಮಣನೊಬ್ಬ ತೀರಿಹೋದ ಮಗನನ್ನು ಹೊತ್ತು ಅರಮನೆಯ ಬಾಗಿಲಿಗೆ ಬರುತ್ತಾನೆ. ರಾಜ್ಯದಲ್ಲೆಲ್ಲೋ ಶೂದ್ರನೊಬ್ಬ ತಪಸ್ಸು ಮಾಡುತ್ತಿರುವುದೇ ಈ ಅಕಾಲಮರಣಕ್ಕೆ ಕಾರಣವೆಂದು ನಾರದರು ನಿರ್ಣಯಿಸುತ್ತಾರೆ. ಶ್ರೀರಾಮ ಹುಡುಕಿಕೊಂಡು ಹೋಗಿ, ಸರೋವರದ ಬಳಿ ತಲೆಕೆಳಗಾಗಿ ತಪಸ್ಸಿನಲ್ಲಿದ್ದ ಶಂಬೂಕನ ಕುಲವನ್ನು ಕೇಳಿ ತಿಳಿದುಕೊಳ್ಳುತ್ತಾನೆ. ಉತ್ತರ ಬಂದೊಡನೆ ಖಡ್ಗದಿಂದ ಅವನ ತಲೆ ಕಡಿಯುತ್ತಾನೆ. ದೇವತೆಗಳು ಹೂಮಳೆ ಸುರಿಸುತ್ತಾರೆ, ಬಾಲಕ ಎದ್ದು ಕೂರುತ್ತಾನೆ. ಉತ್ತರಕಾಂಡವೇ ಪ್ರಕ್ಷಿಪ್ತವೆಂದು ಹೇಳಿ ವಿದ್ವಾಂಸರನೇಕರು ಈ ಪ್ರಸಂಗದಿಂದ ಪಾರಾಗುವುದುಂಟು. ಪ್ರಕ್ಷಿಪ್ತವೇ ಇರಲಿ. ಅದನ್ನು ಶತಮಾನಗಳ ಕಾಲ ಪಾರಾಯಣ ಮಾಡಿದ ಮನಸ್ಸು ಪ್ರಕ್ಷಿಪ್ತವಲ್ಲವಷ್ಟೆ.

ಆದರೂ ಆ ಮನಸ್ಸು ಪೂರ್ಣ ನಿಶ್ಚಿಂತವಾಗಿರಲಿಲ್ಲವೆಂಬುದಕ್ಕೆ ಭವಭೂತಿಯೇ ಸಾಕ್ಷಿ. ‘ಉತ್ತರರಾಮಚರಿತ’ದ ಎರಡನೆಯ ಅಂಕದಲ್ಲಿ ರಾಮ ಖಡ್ಗವನ್ನೆತ್ತಿ ನಿಲ್ಲುತ್ತಾನೆ, ಆದರೆ ಹೊಡೆತ ಸಲೀಸಾಗಿ ಬೀಳುವುದಿಲ್ಲ. ಅವನು ತನ್ನ ಬಲಗೈಯನ್ನೇ ಕರೆದು ಮಾತಾಡಿಸುತ್ತಾನೆ. ತುಂಬು ಬಸುರಿಯಾದ ಸೀತೆಯನ್ನು ಕಾಡಿಗಟ್ಟಿದ ರಾಮನ ಕೈಯಾದ ನಿನಗೆ ಕರುಣೆಯೆಲ್ಲಿಯದು ಎಂಬುದು ಆ ಮಾತಿನ ಭಾವ. ಕೊಲ್ಲುವವನ ಕೈ ಕೊಲ್ಲುವವನಿಗೇ ಪರಕೀಯವಾಗಿ ಕಂಡದ್ದು ಸಾಮಾನ್ಯ ಸಂಗತಿಯಲ್ಲ. ಎಂಟನೆಯ ಶತಮಾನದ ಕವಿ ಅಷ್ಟು ದೂರ ಬಂದ. ಆಮೇಲೆ ಶಂಬೂಕನನ್ನು ದಿವ್ಯಪುರುಷನನ್ನಾಗಿ ಎಬ್ಬಿಸಿ ಸಮಾಧಾನಪಟ್ಟುಕೊಂಡ. ನೋವನ್ನು ಅವನು ಕಂಡಿದ್ದ, ಧರ್ಮವನ್ನು ಪ್ರಶ್ನಿಸಿರಲಿಲ್ಲ.

ಕುವೆಂಪು ಮುಂದಿನ ಹೆಜ್ಜೆ ಇಟ್ಟರು. ಅವರ ನಾಟಕದಲ್ಲಿಯೂ ಬ್ರಾಹ್ಮಣನು ದೂರು ತರುತ್ತಾನೆ, ರಾಮನು ಬ್ರಹ್ಮಾಸ್ತ್ರವನ್ನು ಹೂಡುತ್ತಾನೆ. ಆದರೆ ಆ ಅಸ್ತ್ರಕ್ಕೆ ಗುರಿಯಾಗಬೇಕಾದವನು ಅಪರಾಧಿ; ಅಪರಾಧಿ ಶಂಬೂಕನಲ್ಲ, ತಪಸ್ಸಿಗೆ ತಲೆಬಾಗಲು ಜಾತಿಯ ಮದ ಬಿಡದ ಬ್ರಾಹ್ಮಣನೇ. ಬಾಣ ಹಿಂದಿರುಗಿ ಅವನನ್ನೇ ಅಟ್ಟಿಸಿಕೊಂಡು ಬರುತ್ತದೆ. ಓಡುವಷ್ಟು ಓಡಿ ಕೊನೆಗೆ ಅವನು ಶೂದ್ರನ ಪಾದಕ್ಕೆ ಎರಗಿದಾಗ ಬಾಣ ಶಾಂತವಾಗುತ್ತದೆ, ಮಗ ಬದುಕುತ್ತಾನೆ. ಇಲ್ಲಿ ಸತ್ತದ್ದು ಅಹಂಕಾರ ಒಂದೇ. ಶತ್ರುವನ್ನು ಹುಡುಕಿಕೊಂಡು ಹೊರಗೆ ಹೋದವನು ಅದನ್ನು ತನ್ನೊಳಗೇ ಕಾಣುವಂತಾದದ್ದು ನಾಟಕದ ತಿರುಳು.

ಮಹಾಕಾವ್ಯದ ಕಥೆಯನ್ನು ಹೀಗೆ ತಿರುಗಿಸಬಹುದೇ ಎಂಬ ವಾಗ್ವಾದ ಆಗ ದೊಡ್ಡದಾಗಿಯೇ ನಡೆಯಿತು. ಮಾಸ್ತಿಯವರಂಥ ಹಿರಿಯರೇ ಆಕ್ಷೇಪವೆತ್ತಿದರು. ಆಕ್ಷೇಪ ಕ್ಷುಲ್ಲಕವಾದುದಲ್ಲ, ಪರಂಪರೆಯ ಪಾತ್ರಗಳ ಬಾಯಲ್ಲಿ ನಮ್ಮ ಕಾಲದ ಮಾತನ್ನು ತುರುಕಿದರೆ ಎರಡಕ್ಕೂ ಅನ್ಯಾಯವಾಗುವ ಭಯ ಯಾವಾಗಲೂ ಇದ್ದೇ ಇದೆ. ಆದರೆ ಪರಂಪರೆ ಸ್ವತಃ ಭವಭೂತಿಯಲ್ಲಿ ತಡವರಿಸಿದ್ದನ್ನು ನೋಡಿದವರಿಗೆ, ಕುವೆಂಪು ಹೊರಗಿನಿಂದ ಏನನ್ನೋ ತಂದು ಅಂಟಿಸಿದರೆಂದು ಹೇಳುವುದು ಕಷ್ಟ. ರಂಗಕೃತಿಯಾಗಿ ನಾಟಕದಲ್ಲಿ ಕೊರತೆಗಳಿವೆ, ನಿಜ. ಅದರ ಸರಳ ರಗಳೆ ಓದುವಾಗ ಗಂಭೀರವಾಗಿದ್ದರೂ ಎಳೆಯ ನಟರ ನಾಲಗೆಗೆ ತೊಡಕಾಗುತ್ತದೆ. ತಾಲೀಮಿನಲ್ಲಿ ನಮ್ಮ ವಿದ್ಯಾರ್ಥಿಗಳು ಒಂದೊಂದು ಸಮಾಸದ ಮುಂದೆಯೂ ಬಂಡೆಯ ಮುಂದೆ ನಿಂತಂತೆ ನಿಂತದ್ದನ್ನು ನಾನು ಕಂಡಿದ್ದೇನೆ.

ಈ ನಾಟಕ ಒಂದು ದಿನದ ಆವೇಶದಿಂದ ಹುಟ್ಟಿದ್ದಲ್ಲ. 1928ರಷ್ಟು ಹಿಂದೆಯೇ ಕುವೆಂಪು ‘ಜಲಗಾರ’ವನ್ನು ಬರೆದಿದ್ದರು. ಜನವೆಲ್ಲ ಶಿವನನ್ನು ಕಾಣಲು ಗುಡಿಗೆ ನಡೆದಿರುವಾಗ, ಬೀದಿ ಗುಡಿಸುವವನ ಬಳಿಗೆ ಶಿವನು ತಾನೂ ಒಬ್ಬ ಜಲಗಾರನಾಗಿ ಬರುವ ನಾಟಕವದು. ಅದನ್ನು ಬರೆದಾಗ ಅವರು ಮೈಸೂರಿನ ಶ್ರೀರಾಮಕೃಷ್ಣಾಶ್ರಮದಲ್ಲಿ ವಾಸವಾಗಿದ್ದರು. ಮರುವರ್ಷ, 1929ರಲ್ಲಿ, ಬೇಲೂರು ಮಠದಲ್ಲಿ ಸ್ವಾಮಿ ಶಿವಾನಂದರಿಂದ ದೀಕ್ಷೆ ಪಡೆದರು. ಜಪ ಧ್ಯಾನಗಳಲ್ಲಿ ತೊಡಗಿದ್ದವರ ಲೇಖನಿಯಿಂದ ಪೌರೋಹಿತ್ಯದ ಮೇಲೆ ಅಷ್ಟು ಕಟುವಾದ ಮಾತು ಬಂದದ್ದು ಕೆಲವರಿಗೆ ವಿರೋಧಾಭಾಸವಾಗಿ ತೋರುತ್ತದೆ. ನನಗೆ ಹಾಗೆ ತೋರುವುದಿಲ್ಲ. ಎಲ್ಲರಲ್ಲಿಯೂ ಒಂದೇ ಚೈತನ್ಯವಿದೆಯೆಂದು ಧ್ಯಾನದಲ್ಲಿ ನಂಬಿದವನು ಪಂಕ್ತಿಯಲ್ಲಿ ಭೇದವನ್ನು ಒಪ್ಪಿದರೆ ಅದೇ ವಿರೋಧಾಭಾಸ. ‘ಶ್ರೀ ರಾಮಾಯಣ ದರ್ಶನಂ’ ಕಾವ್ಯದಲ್ಲಿ ಅವರು ರಾವಣನ ಮನಸ್ಸನ್ನೂ ಹಾಗೆಯೇ ತಿರುಗಿಸುತ್ತಾರೆ, ಸೀತೆಯೊಡನೆ ರಾಮನನ್ನೂ ಅಗ್ನಿಗೆ ಪ್ರವೇಶಿಸುವಂತೆ ಮಾಡುತ್ತಾರೆ. ಪರೀಕ್ಷೆ ಒಬ್ಬಳಿಗೇ ಏಕೆ ಎಂಬ ಪ್ರಶ್ನೆಗೆ ಕಾವ್ಯ ವಾದದಿಂದಲ್ಲ, ಹೆಜ್ಜೆಯಿಂದ ಉತ್ತರಿಸುತ್ತದೆ.

ಇಷ್ಟಾದ ಮೇಲೆ ತರಗತಿಯಲ್ಲಿ ತಪ್ಪದೆ ಏಳುವ ಪ್ರಶ್ನೆಯೊಂದಿದೆ, ಅದನ್ನು ಜಾರಿಸುವುದು ಅಧ್ಯಾಪಕನಿಗೆ ಶೋಭಿಸದು. ಹಿಂದಿನ ಸಾಲಿನ ವಿದ್ಯಾರ್ಥಿಯೊಬ್ಬ ಕೇಳಿದ: ‘ಸರ್, ಬ್ರಾಹ್ಮಣನ ಮನಸ್ಸು ಬದಲಾಗದಿದ್ದರೆ ಶಂಬೂಕನ ಗತಿಯೇನು?’ ಪ್ರಶ್ನೆ ಮೊನಚಾಗಿದೆ. ನಾಟಕದ ತಿರುವು ಶಂಬೂಕನಲ್ಲಿ ಆಗುವುದಿಲ್ಲ, ಅವನನ್ನು ಹೀಗಳೆದವನಲ್ಲಿ ಆಗುತ್ತದೆ. ಬಾಣವನ್ನು ಬಿಟ್ಟವನು ರಾಮ. ಹಾಗಾದರೆ ಶೂದ್ರನ ಬಿಡುಗಡೆ ಮತ್ತೊಬ್ಬರ ಅಂತಃಕರಣಕ್ಕೆ ಕಾದು ಕುಳಿತಿರಬೇಕೇ?

ಕಾಯಬೇಕಾಗಿಲ್ಲವೆಂದು ಬದುಕಿನಿಂದಲೇ ಉತ್ತರ ಕೊಟ್ಟವರು ಡಾಕ್ಟರ್ ಅಂಬೇಡ್ಕರ್. ಲಾಹೋರಿನ ಸಮ್ಮೇಳನಕ್ಕೆಂದು ಸಿದ್ಧಪಡಿಸಿದ ಭಾಷಣವನ್ನು, ಕರೆದವರೇ ಸಮ್ಮೇಳನವನ್ನು ರದ್ದುಮಾಡಿದ್ದರಿಂದ, ಅವರು 1936ರಲ್ಲಿ ತಾವೇ ಅಚ್ಚುಮಾಡಿಸಿದರು. ಜಾತಿಯೆಂಬುದು ಇಟ್ಟಿಗೆಯ ಗೋಡೆಯಲ್ಲ, ಅದೊಂದು ಭಾವನೆ, ಮನಸ್ಸಿನ ಒಂದು ಸ್ಥಿತಿ ಎಂದು ಅಲ್ಲಿ ವಾದಿಸಿದ್ದಾರೆ. ಇಷ್ಟರಮಟ್ಟಿಗೆ ಅವರೂ ಕುವೆಂಪು ಅವರೂ ಒಂದೇ ಕಡೆ ನಿಂತಿದ್ದಾರೆ. ಆದರೆ ಮನಸ್ಸಿನ ಸ್ಥಿತಿಯಾದ ಮಾತ್ರಕ್ಕೆ ಅದು ಉಪದೇಶದಿಂದ ಕರಗೀತೆಂಬ ಭ್ರಮೆ ಅವರಿಗಿರಲಿಲ್ಲ. ಆ ಸ್ಥಿತಿಗೆ ಪಾವಿತ್ರ್ಯವನ್ನು ಕೊಟ್ಟ ಶಾಸ್ತ್ರದ ಅಧಿಕಾರವನ್ನೇ ಅಲ್ಲಗಳೆಯಬೇಕೆಂದರು. 1927ರ ಡಿಸೆಂಬರ್ 25ರಂದು ಮಹಾಡ್‌ನಲ್ಲಿ ಮನುಸ್ಮೃತಿಯ ದಹನ ನಡೆದಾಗಲೇ ಈ ಮಾತಿಗೆ ಪೀಠಿಕೆ ಬಿದ್ದಿತ್ತು. ಅಸ್ಪೃಶ್ಯತೆಯನ್ನು ನಿಷೇಧಿಸಿದ ಸಂವಿಧಾನ 1950ರಲ್ಲಿ ಜಾರಿಗೆ ಬಂತು. ಅಷ್ಟಕ್ಕೂ ತೃಪ್ತರಾಗದೆ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅಪಾರ ಜನಸ್ತೋಮದೊಡನೆ ಬೌದ್ಧಧರ್ಮವನ್ನು ಸ್ವೀಕರಿಸಿದರು. ಕಾನೂನಿನ ಶಿಲ್ಪಿಯೇ ಕೊನೆಗೆ ದೀಕ್ಷೆಯ ಕಡೆಗೆ ನಡೆದದ್ದು ನನ್ನನ್ನು ಬಹಳ ಕಾಲ ಯೋಚಿಸುವಂತೆ ಮಾಡಿದೆ. ಕುವೆಂಪು ದಬ್ಬಾಳಿಕೆ ಮಾಡಿದವನ ಪರಿವರ್ತನೆಯನ್ನು ಚಿತ್ರಿಸಿದರು, ಅಂಬೇಡ್ಕರ್ ದಬ್ಬಾಳಿಕೆಗೆ ಸಿಕ್ಕವನ ಪರಿವರ್ತನೆಗೆ ಬಾಗಿಲು ತೆರೆದರು. ಒಂದನ್ನು ಓದಿ ಇನ್ನೊಂದನ್ನು ಬಿಟ್ಟವರ ಓದು ಅರ್ಧಕ್ಕೆ ನಿಂತಂತೆಯೇ ಸರಿ.

ಇನ್ನು ಆಚರಣೆಯ ಮಾತು. 1966ರಲ್ಲಿ ಕುಪ್ಪಳಿಯಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯವರ ವಿವಾಹವನ್ನು ಕುವೆಂಪು ‘ಮಂತ್ರ ಮಾಂಗಲ್ಯ’ದ ಕ್ರಮದಲ್ಲಿ ನಡೆಸಿದರು. ಪುರೋಹಿತರಿಲ್ಲ, ಮುಹೂರ್ತವಿಲ್ಲ, ವರದಕ್ಷಿಣೆಯಿಲ್ಲ, ಆಡಂಬರವಿಲ್ಲ. ಆದರೆ ಮಂತ್ರಗಳಿದ್ದವು, ಅರ್ಥ ತಿಳಿಯದ ಗೊಣಗಾಗಿ ಅಲ್ಲ, ವಧೂವರರು ತಿಳಿದು ಒಪ್ಪುವ ಪ್ರತಿಜ್ಞೆಯಾಗಿ. ಮಧ್ಯವರ್ತಿಯನ್ನು ತೆಗೆದು ಮಂತ್ರವನ್ನು ಉಳಿಸಿಕೊಂಡ ಈ ವಿವೇಕ ನನಗೆ ‘ಶೂದ್ರ ತಪಸ್ವಿ’ಯ ಮುಂದಿನ ಅಂಕದಂತೆ ಕಾಣುತ್ತದೆ. ಮುಂದೆ ರೈತಚಳವಳಿಯ ಅನೇಕ ಕುಟುಂಬಗಳು ಈ ಪದ್ಧತಿಯನ್ನು ಕೈಗೆತ್ತಿಕೊಂಡವು.

ಈಚೆಗೆ ಅಂಥ ಒಂದು ವಿವಾಹಕ್ಕೆ ನಾನು ಹೋಗಿದ್ದೆ. ಪ್ರತಿಜ್ಞೆಯನ್ನು ಓದಿಸಿದ್ದಾಯಿತು, ಎಲ್ಲರೂ ಚಪ್ಪಾಳೆ ತಟ್ಟಿದ್ದಾಯಿತು. ಊಟಕ್ಕೆ ಕುಳಿತಾಗ ಪಕ್ಕದ ಹಿರಿಯರೊಬ್ಬರು ಕವಿಯನ್ನು ಬಾಯ್ತುಂಬ ಹೊಗಳಿ, ಪಾಯಸದ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತ, ‘ಎಲ್ಲ ಸರಿ ಸ್ವಾಮಿ, ಹುಡುಗಿ ನಮ್ಮವರ ಪೈಕಿಯೇ ತಾನೆ?’ ಎಂದು ಮೆಲ್ಲಗೆ ವಿಚಾರಿಸಿದರು.