ನೀರು ನೋಡಿದಿಯೇನು?

ಮಕ್ಕಳೇ, ಕಳೆದ ಭಾನುವಾರ ನನ್ನ ಮೊಮ್ಮಗ ಹಟ ಹಿಡಿದು ಕಾರಿನ ಬಾನೆಟ್ ತೆಗೆಸಿದ. ಒಳಗೆ ಇಣುಕಿ, “ಅಜ್ಜಾ, ಎಂಜಿನ್ ಎಲ್ಲಿ?” ಎಂದ. ತಪ್ಪು ಅವನದಲ್ಲ. ಈಗಿನ ಎಷ್ಟೋ ಕಾರುಗಳಲ್ಲಿ ಎಂಜಿನ್ ಮೇಲೆ ಕಪ್ಪು ಪ್ಲಾಸ್ಟಿಕ್ ಹೊದಿಕೆ ಇರುತ್ತದೆ. ನಾನು ನಿಮ್ಮಷ್ಟಿದ್ದಾಗ ಬಾನೆಟ್ ಎತ್ತಿದರೆ ಸಾಕು, ಇಡೀ ಎಂಜಿನ್ ಕಣ್ಣಿಗೆ ಬೀಳುತ್ತಿತ್ತು. ಅಂಥದೊಂದು ಪುಟ್ಟ ಎಂಜಿನ್ ನನಗೆ ಕಲಿಸಿದ ಪಾಠವನ್ನು ಈ ವಾರ ಹೇಳುತ್ತೇನೆ. ಅದರಲ್ಲಿ ನನ್ನದೊಂದು ಸುಳ್ಳೂ ಇದೆ.

ಅದು 1978ರ ಮೇ ತಿಂಗಳು. ನನಗೆ ಹತ್ತು ವರ್ಷ. ರಜೆಗೆಂದು ಹೈದರಾಬಾದಿನ ಸೋದರಮಾವನ ಮನೆಗೆ ಹೋಗಿದ್ದೆ. ಮಾವನ ಹತ್ತಿರ ಪ್ರೀಮಿಯರ್ ಪದ್ಮಿನಿ ಕಾರಿತ್ತು. ಇಟಲಿಯ ಫಿಯಟ್ 1100 ಕಾರನ್ನೇ ಮುಂಬಯಿಯ ಪ್ರೀಮಿಯರ್ ಕಂಪನಿ ನಮ್ಮಲ್ಲಿ ತಯಾರಿಸುತ್ತಿತ್ತು. 1974ರಿಂದ ಅದಕ್ಕೆ ಪದ್ಮಿನಿ ಎಂದು ಹೆಸರು. ಆದರೆ ನಿಮ್ಮ ಅಜ್ಜ–ಅಜ್ಜಿಯನ್ನು ಕೇಳಿ ನೋಡಿ, ಅವರು ಅದನ್ನು ‘ಫಿಯಟ್’ ಎಂದೇ ಕರೆಯುತ್ತಾರೆ.

ಬಸವಕಲ್ಯಾಣದಲ್ಲಿ ನಮ್ಮ ಬಳಗದ ಒಂದು ಮದುವೆ. ನಸುಕಿನಲ್ಲೇ ಹೊರಡಬೇಕಿತ್ತು. ಮಾವ ನನಗೊಂದು ಕೆಲಸ ಹೇಳಿದ್ದರು: “ರೇಡಿಯೇಟರ್‌ನಾಗ ನೀರು ನೋಡು. ಕಡಿಮಿ ಇದ್ರ ಹಾಕು.” ನಾನು ಗೋಲಿ ಎಣಿಸುವುದರಲ್ಲಿ ಮುಳುಗಿದ್ದೆ. ಹೊರಡುವಾಗ, “ನೀರು ನೋಡಿದಿಯೇನು?” ಎಂದು ಕೇಳಿದರು. “ಹ್ಞೂಂ ಮಾಮಾ, ನೋಡೀನಿ” ಎಂದುಬಿಟ್ಟೆ.

ಜಹೀರಾಬಾದ್ ದಾಟಿದ ಮೇಲೆ ಎಂಜಿನ್ ಕಡೆಯಿಂದ ಕೀಂ ಕೀಂ ಸದ್ದು ಶುರುವಾಯಿತು. ಮಾವನ ಮುಂದಿದ್ದ ಒಂದು ಕೆಂಪು ದೀಪ ಮಿಣುಕತೊಡಗಿತು. ಗಡಿ ದಾಟಿ ಮನ್ನಾಏಖೇಳ್ಳಿ ಮುಟ್ಟುವಷ್ಟರಲ್ಲಿ ಬಾನೆಟ್ ಸಂದಿಯಿಂದ ಬುಸ್ಸೆಂದು ಹಬೆ ಬಂತು. ಹೆದ್ದಾರಿಯ ಬದಿಗೆ ಕಾರು ನಿಂತಿತು. ಅಲ್ಲೇ ಬೇವಿನ ಮರದ ಕೆಳಗೆ ಒಂದು ಗ್ಯಾರೇಜು ಇತ್ತು.

ನನ್ನ ಎದೆ ಡವಡವ. ಯಾರಿಗೂ ತಿಳಿಯುವ ಮೊದಲೇ ನೀರು ತುಂಬಿಸಿಬಿಟ್ಟರೆ? ಮಾವ ಬಾನೆಟ್ ಎತ್ತಿ ಮಿಸ್ತ್ರಿಯನ್ನು ಕರೆಯಲು ಹೋದರು. ನಾನು ತಂಬಿಗೆ ಹಿಡಿದು ಓಡಿ, ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದೆ. ಅಷ್ಟರಲ್ಲಿ ಒಂದು ಎಣ್ಣೆಗೈ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿಯಿತು.

“ಏ ತಮ್ಮಾ, ಕೈ ಹಚ್ಚಬ್ಯಾಡ! ಕುದಿಯೋ ನೀರು ಮಾರಿಗೆ ಹಾರ್ತದ!”

ಅದೇ ಮಿಸ್ತ್ರಿ ಕಾಕಾ. ನನ್ನನ್ನು ಮರದ ನೆರಳಿಗೆ ಕೂರಿಸಿ ಹೇಳಿದರು: “ಕಾದ ಹಂಚಿನ ಮ್ಯಾಲೆ ತಣ್ಣೀರು ಸುರದ್ರ ಏನಾಗ್ತದ? ಫಟ್ ಅಂತ ಸೀಳ್ತದ. ಇದೂ ಹಂಗೇ.” ಆ ಎಂಜಿನ್ನಿನ ಕೆಳಭಾಗ ಬೀಡುಕಬ್ಬಿಣ, ಮೇಲಿನ ‘ಹೆಡ್’ ಅಲ್ಯೂಮಿನಿಯಂ. ಕಾದಾಗ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಎರಡರ ನಡುವೆ ಗ್ಯಾಸ್ಕೆಟ್ ಎಂಬ ತೆಳು ಹಾಳೆ. ವಿಪರೀತ ಕಾದರೆ ಹೆಡ್ ಸೊಟ್ಟಗಾಗುತ್ತದೆ, ಗ್ಯಾಸ್ಕೆಟ್ ಸುಟ್ಟುಹೋಗುತ್ತದೆ. ಕಾದದ್ದರ ಮೇಲೆ ತಣ್ಣೀರು ಬಿದ್ದರೆ ಬಿರುಕೇ ಬಿಡಬಹುದು. ಆದ್ದರಿಂದ ತಾನಾಗಿ ಆರುವವರೆಗೆ ಕಾಯಬೇಕು.

ಕಾಯುತ್ತ ಕಾಕಾ ಎಂಜಿನ್ನಿನ ಲೆಕ್ಕ ಹೇಳಿದರು. ಒಳಗೆ ನಾಲ್ಕು ಸಿಲಿಂಡರ್. ಒಂದೊಂದರ ಅಗಲ 68 ಮಿಲಿಮೀಟರ್, ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರ 75 ಮಿಲಿಮೀಟರ್. ನಾಲ್ಕೂ ಸೇರಿ 1089 ಸಿಸಿ, ಅಂದರೆ ಒಂದು ಲೀಟರಿಗಿಂತ ತುಸು ಹೆಚ್ಚು. ಪ್ರತಿ ಪಿಸ್ಟನ್ನಿಗೂ ನಾಲ್ಕೇ ಕೆಲಸ: ಹೀರು, ಒತ್ತು, ಉರಿಸು, ಉಗುಳು. ಉರಿಯುವ ಸರದಿ 1, 3, 4, 2. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಒಳಗೆ ಸೆಕೆಂಡಿಗೆ 100 ಸಲ ಬೆಂಕಿ ಹೊತ್ತುತ್ತದೆ! ಆ ಬಿಸಿಯನ್ನು ಹೊರಗೆ ಸಾಗಿಸುವುದೇ ನೀರಿನ ಕೆಲಸ.

ಅರ್ಧ ಗಂಟೆಯ ಮೇಲೆ ಕಾಕಾ ಮುಚ್ಚಳದ ಮೇಲೆ ದಪ್ಪ ಗೋಣಿತಟ್ಟು ಹಾಕಿ, ಮೆಲ್ಲಗೆ ತಿರುಗಿಸಿ ತೆಗೆದರು. ಒಳಗೆ ನೀರು ತಳ ಕಂಡಿತ್ತು.

“ಮುಂಜಾನಿ ನೀರು ಯಾರು ನೋಡ್ಯಾರ್ರಿ?”

“ನಮ್ಮ ಹುಡುಗ ನೋಡ್ಯಾನ. ತುಂಬಿತ್ತು” ಎಂದರು ಮಾವ.

ಕಾಕಾ ತಲೆ ಅಲ್ಲಾಡಿಸಿದರು. “ತುಂಬಿತ್ತು ಅಂದ್ರ ಇಷ್ಟು ನೀರು ಎಲ್ಲಿ ಹೋಯ್ತು? ಹೊರಗ ಇಷ್ಟು ಸೋರಿಲ್ಲ. ಗ್ಯಾಸ್ಕೆಟ್ ಹೋಗಿರಬೇಕು. ಹೆಡ್ ಬಿಚ್ಚಬೇಕಾಗ್ತದ್ರಿ. ನಾಳಿ ಸಂಜಿ ಆಗ್ತದ.”

ಮಾವನ ಮುಖ ಸಣ್ಣದಾಯಿತು. ಅತ್ತೆಯ ತೊಡೆಯ ಮೇಲೆ ಮದುಮಗಳಿಗೆ ಕೊಡಬೇಕಾದ ಸೀರೆಯ ಗಂಟಿತ್ತು. ಕಾಕಾ ಪಾನಾ ಹುಡುಕತೊಡಗಿದರು. ನನಗೆ ಗಂಟಲು ಕಟ್ಟಿತು.

“ಮಾಮಾ... ನಾ ನೀರು ನೋಡಿಲ್ಲ.”

ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಮೊದಲು ನಕ್ಕವರು ಕಾಕಾ. “ಭೇಷ್! ಒಂದು ದಿನದ ಕೆಲಸ ಉಳಿಸಿದಿ!” ಎಂದರು. ಆದರೂ ನನ್ನ ಮಾತನ್ನಷ್ಟೇ ನಂಬಿ ಬಿಡಲಿಲ್ಲ. ಎಂಜಿನ್ ಎಣ್ಣೆಯ ಅಳತೆ ಕಡ್ಡಿ ಎಳೆದು ನೋಡಿದರು. ಗ್ಯಾಸ್ಕೆಟ್ ಹೋಗಿ ಎಣ್ಣೆಗೆ ನೀರು ಸೇರಿದ್ದರೆ ಅದು ಮಜ್ಜಿಗೆಯಂತೆ ಬೆಳ್ಳಗಾಗುತ್ತದಂತೆ. ನಮ್ಮದು ಕಪ್ಪಗೇ ಇತ್ತು.

ಆಮೇಲೆ ಕೆಂಪು ದೀಪದ ಗುಟ್ಟು ಬಯಲಾಯಿತು. ಫ್ಯಾನ್ ಬೆಲ್ಟ್ ಸಡಿಲಾಗಿತ್ತು. ಆ ಒಂದೇ ಬೆಲ್ಟು ಫ್ಯಾನನ್ನೂ ನೀರಿನ ಪಂಪನ್ನೂ ಡೈನಮೋವನ್ನೂ ತಿರುಗಿಸುತ್ತದೆ. ಬೆಲ್ಟ್ ಜಾರಿದರೆ ಗಾಳಿ ಕಡಿಮೆ, ನೀರಿನ ಓಡಾಟ ಕಡಿಮೆ, ಕರೆಂಟೂ ಕಡಿಮೆ. ಕೀಂ ಕೀಂ ಸದ್ದು ಅದನ್ನೇ ಹೇಳುತ್ತಿತ್ತು. ಕಾಕಾ ಡೈನಮೋದ ಬೋಲ್ಟ್ ಸಡಿಲಿಸಿ, ಬೆಲ್ಟ್ ಬಿಗಿಮಾಡಿ, ಹೆಬ್ಬೆರಳಿನಿಂದ ಒತ್ತಿ ತೋರಿಸಿದರು. ಬೆರಳಿನ ದಪ್ಪದಷ್ಟು ಬಗ್ಗಬೇಕು, ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಎಂಜಿನ್ ಶುರುಮಾಡಿ ಸ್ವಲ್ಪ ಸ್ವಲ್ಪವೇ ನೀರು ಹಾಕಿದರು.

ಹೊರಡುವಾಗ ನನ್ನ ತಲೆ ಸವರಿ ಹೇಳಿದರು: “ಎಂಜಿನ್ ಸುಳ್ಳು ಹೇಳಂಗಿಲ್ಲ ತಮ್ಮಾ. ಮಂದಿ ಸುಳ್ಳು ಹೇಳಿದ್ರ ನಾವು ಛಲೋ ಇದ್ದದ್ದು ಬಿಚ್ಚತೀವಿ.”

ಅಕ್ಷತೆ ಹೊತ್ತಿಗೆ ಬಸವಕಲ್ಯಾಣ ಮುಟ್ಟಿದೆವು. ಮಾವ ಬೈಯಲಿಲ್ಲ. ರಜೆ ಮುಗಿಯುವವರೆಗೂ ದಿನಾ ಬೆಳಗ್ಗೆ ನೀರು ನೋಡುವ ಕೆಲಸ ನನಗೇ ಕೊಟ್ಟರು. ಎಣ್ಣೆ ಕಡ್ಡಿ ಒರೆಸಿ ನೋಡುವುದನ್ನೂ, ಪ್ಲಗ್ಗಿನ ಮಸಿ ತೆಗೆಯುವುದನ್ನೂ ಕಲಿಸಿದರು.

2023ರ ಅಕ್ಟೋಬರಿನಲ್ಲಿ ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ರಸ್ತೆಯಿಂದ ಮರೆಯಾಯಿತು. ಈಗಿನ ಕಾರುಗಳಲ್ಲಿ ಫ್ಯಾನ್ ಕರೆಂಟಿನಿಂದ ತಿರುಗುತ್ತದೆ, ಬರೀ ನೀರಿನ ಬದಲು ಬಣ್ಣದ ಕೂಲೆಂಟ್ ಇರುತ್ತದೆ. ಆದರೆ ಬಿಸಿ ಎಂಜಿನ್ನಿನ ಮುಚ್ಚಳ ತೆಗೆಯಬಾರದು ಎಂಬ ನಿಯಮ ಇಂದಿಗೂ ಅದೇ. ಮಕ್ಕಳೇ, ನೀವಂತೂ ಅದನ್ನು ಮುಟ್ಟಲೇಬೇಡಿ.

ಇಷ್ಟೆಲ್ಲ ಕೇಳಿದ ಮೊಮ್ಮಗ, “ಅಜ್ಜಾ, ಇವತ್ತು ಕೂಲೆಂಟ್ ನೋಡಿದಿಯೇನು?” ಎಂದ.

“ಇಲ್ಲಪ್ಪಾ” ಎಂದೆ. ಇಬ್ಬರೂ ಎದ್ದು ನೋಡಲು ಹೋದೆವು.