ಟಿಕೆಟ್‌ಗೆ ಮುಂದೆ, ಮೈದಾನಕ್ಕೆ ಹಿಂದೆ

2024ರ ಜೂನ್ 9ರ ಭಾನುವಾರ ಬೆಳ್ಳಂಬೆಳಗ್ಗೆ ನ್ಯೂಜೆರ್ಸಿಯ ನಾವೆಷ್ಟೋ ಮಂದಿ ಸೇತುವೆ ದಾಟಿ ಲಾಂಗ್ ಐಲ್ಯಾಂಡ್‌ಗೆ ಹೊರಟಿದ್ದೆವು. ಅಲ್ಲಿನ ಐಸೆನ್‌ಹೋವರ್ ಪಾರ್ಕ್‌ನಲ್ಲಿ ಭಾರತ–ಪಾಕಿಸ್ತಾನ ಟಿ20 ವಿಶ್ವಕಪ್ ಪಂದ್ಯ. ಮಳೆಯಿಂದ ತಡವಾಗಿ ಶುರುವಾದ ಆಟದಲ್ಲಿ ಭಾರತ 119ಕ್ಕೆ ಆಲೌಟ್. ಇನ್ನು ಕಥೆ ಮುಗೀತು ಅಂದುಕೊಂಡಾಗ ಬೂಮ್ರಾ 14 ರನ್ ಕೊಟ್ಟು 3 ವಿಕೆಟ್ ಕಿತ್ತರು. 6 ರನ್‌ಗಳ ಗೆಲುವು! ಕೂಗಿ ಕೂಗಿ ಕಟ್ಟಿದ ಗಂಟಲು ಸರಿಹೋಗಲು ನಮಗೆ ವಾರ ಬೇಕಾಯಿತು.

ಜೂನ್ 12ರ ಭಾರತ–ಅಮೆರಿಕ ಪಂದ್ಯವೇ ಅಲ್ಲಿ ಕೊನೆಯದು. ಎಂಟು ಪಂದ್ಯ ಮುಗಿದದ್ದೇ ತಡ, 34 ಸಾವಿರ ಜನ ಕೂರುವ ಕ್ರೀಡಾಂಗಣವನ್ನು ಜಾತ್ರೆಯ ಡೇರೆಯಂತೆ ಬಿಚ್ಚಿದರು. ಫ್ಲೋರಿಡಾದಲ್ಲಿ ಬೆಳೆಸಿ ಲಾರಿಯಲ್ಲಿ ತಂದಿದ್ದ ಪಿಚ್‌ಗಳ ಬಗ್ಗೆ ದೂರುಗಳೂ ಇದ್ದವು. ಚೆಂಡು ಒಮ್ಮೆ ಎದೆಮಟ್ಟಕ್ಕೆ, ಒಮ್ಮೆ ಪಾದಕ್ಕೆ. ಶ್ರೀಲಂಕಾ 77ಕ್ಕೇ ಉರುಳಿತ್ತು.

ಭಾರತ ತಂಡದ ಅಭ್ಯಾಸಕ್ಕೆ ಕೊಟ್ಟದ್ದು ಹತ್ತಿರದ ಕ್ಯಾಂಟಿಯಾಗ್ ಪಾರ್ಕ್. ಪಾರ್ಕ್‌ನಲ್ಲಿ ಅಭ್ಯಾಸ ಮಾಡುವುದು ವಿಚಿತ್ರವೆನಿಸುತ್ತದೆ ಎಂದು ಕೋಚ್ ಆಗಿದ್ದ ನಮ್ಮ ರಾಹುಲ್ ದ್ರಾವಿಡ್ ಹೇಳಿದಾಗ ನಾವು ನಕ್ಕೆವು. ಇಲ್ಲಿ ನಮ್ಮದು ಪ್ರತಿ ಶನಿವಾರವೂ ಪಾರ್ಕೇ. ಬೇಸ್‌ಬಾಲ್ ಅಂಗಳದ ಅಂಚಿನಲ್ಲಿ ಮ್ಯಾಟ್ ಹಾಸಿ, ಸಾಕರ್ ಮಕ್ಕಳು ಬರುವ ಮುನ್ನ ಆಟ ಮುಗಿಸಿ ಜಾಗ ಖಾಲಿ ಮಾಡಬೇಕು.

ಅದೇ ವಿಶ್ವಕಪ್‌ನಲ್ಲಿ ಡಲ್ಲಾಸ್‌ನಲ್ಲಿ ಪಾಕಿಸ್ತಾನವನ್ನು ಅಮೆರಿಕ ಸೋಲಿಸಿದಾಗ 3 ವಿಕೆಟ್ ಪಡೆದವರು ನೋಸ್ತುಷ್ ಕೆಂಜಿಗೆ. ಹುಟ್ಟಿದ್ದು ಅಲಬಾಮಾದಲ್ಲಾದರೂ ಬೆಳೆದದ್ದು ನಮ್ಮ ಚಿಕ್ಕಮಗಳೂರಿನ ಕಡೆ, ಆಟ ಕಲಿತದ್ದು ಕರ್ನಾಟಕದಲ್ಲಿ. ನಾವು ಹೆಮ್ಮೆಪಟ್ಟೆವು, ಸರಿ. ಆದರೆ ಎಡಿಸನ್‌ನಲ್ಲೋ ಪ್ಲೇನ್ಸ್‌ಬರೊದಲ್ಲೋ ಹುಟ್ಟಿದ ನಮ್ಮ ಮಕ್ಕಳು ಎಲ್ಲಿ ಕಲಿಯಬೇಕು? ಬೇಸಿಗೆ ರಜೆಗೆ ಅಜ್ಜಿಮನೆಗೆ ಕಳಿಸಿ ಕಲಿಸೋಣವೇ? ಮೇಜರ್ ಲೀಗ್‌ನಲ್ಲಿ ಎಂಐ ನ್ಯೂಯಾರ್ಕ್ ಎಂಬ ತಂಡವಿದೆ. 2023ರಲ್ಲೂ 2025ರಲ್ಲೂ ಕಪ್ ಗೆದ್ದಿತು. ಎರಡೂ ಫೈನಲ್ ನಡೆದದ್ದು ಡಲ್ಲಾಸ್ ಬಳಿ!

ತಪ್ಪು ಸರ್ಕಾರದ್ದು ಮಾತ್ರವಲ್ಲ. ಮೊದಲು ಈ ಕ್ರೀಡಾಂಗಣ ಬ್ರಾಂಕ್ಸ್‌ನ ವ್ಯಾನ್ ಕೋರ್ಟ್‌ಲ್ಯಾಂಡ್ ಪಾರ್ಕ್‌ಗೆ ಬರಬೇಕಿತ್ತು. ಅಕ್ಕಪಕ್ಕದವರ ಜೊತೆ ಅಲ್ಲೇ ಆಡುವ ಕ್ರಿಕೆಟಿಗರೂ ವಿರೋಧಿಸಿದರು, ಅವರ ಪಿಚ್‌ಗಳೇ ಹೋಗುತ್ತಿದ್ದವಲ್ಲ! ಅವರದ್ದು ನ್ಯಾಯವೇ. ನಮಗೆ ಬೇಕಿರುವುದು 34 ಸಾವಿರ ಕುರ್ಚಿಗಳಲ್ಲ. ಎರಡು ಹುಲ್ಲಿನ ಪಿಚ್, ಒಂದು ರೋಲರ್, ಮಳೆ ಬಂದರೆ ನಿಲ್ಲಲು ಒಂದು ಸೂರು ಸಾಕು. ಇನ್ನೊಂದು ದ್ವೀಪ ಸ್ಟೇಟನ್ ಐಲ್ಯಾಂಡ್‌ನ ವಾಕರ್ ಪಾರ್ಕ್ ನೋಡಿ. 1872ರಲ್ಲಿ ಹುಟ್ಟಿದ ಕ್ಲಬ್ಬು, ಪುಟ್ಟ ಅಂಗಳ. 1932ರಲ್ಲಿ ಬ್ರಾಡ್ಮನ್ ಆಡಿ ಹೋದ ಜಾಗ. ಕ್ಲಬ್ಬಿನವರು ಪಟ್ಟು ಬಿಡದೆ ಹಿಡಿದುಕೊಂಡದ್ದರಿಂದ ಅದು ಉಳಿದಿದೆ.

ನಾವು? ಒಂದು ಟಿಕೆಟ್‌ಗೆ ನೂರಾರು ಡಾಲರ್ ತೆತ್ತೆವು, ಮನೆಮಂದಿಗೆಲ್ಲ ನೀಲಿ ಜೆರ್ಸಿ ಕೊಂಡೆವು. ಪಾರ್ಕ್ ಬಜೆಟ್ ಚರ್ಚೆಯಾಗುವ ಟೌನ್‌ಶಿಪ್ ಸಭೆಗೆ ಮಾತ್ರ ನಮ್ಮವರು ಹೋಗುವುದಿಲ್ಲ. ಅಲ್ಲಿ ಬೇಸ್‌ಬಾಲ್ ತಂದೆತಾಯಂದಿರು ಮುಂದಿನ ಸಾಲಿನಲ್ಲಿರುತ್ತಾರೆ. ಮುಂದಿನ ಸಭೆಗೆ ಹತ್ತು ಮನೆಯವರಾದರೂ ಹೋಗೋಣ, ಮಕ್ಕಳನ್ನೂ ಕರೆದುಕೊಂಡು.